ಏಳನೇ ಚೌಕ

ಪರದೆಯನ್ನು ಎರಡು ಪಾಲು ಮಾಡಿಕೊಂಡಿದ್ದೇನೆ.
ಎಡಕ್ಕೆ ನಾನು ಬರೆಯುವ ಕಡತ,
ತಿದ್ದಬಹುದು, ಅಳಿಸಬಹುದು, ನಾಳೆ ನೋಡೋಣ ಅನ್ನಬಹುದು.
ಬಲಕ್ಕೆ ಅದು: ಕಪ್ಪು, ಮಾತು ಕಮ್ಮಿ,
ಬಾಣದ ಮೊನೆಯೊಂದನ್ನು ಚಾಚಿ ಕೂತಿದೆ,
ಏನು, ಹೇಳು, ಅನ್ನುವ ಹಾಗೆ.

ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ
ಕರ್ಸರ್ ನಿಂತ ಸಾಲು ಆ ಕಡೆಗೆ ಹೋಗುತ್ತದೆ.
ಒಂದೇ ಸಾಲು. ಇಡೀ ಕಡತವಲ್ಲ.
ಕೋಡಿಬಾಗದಲ್ಲಿ ಹತ್ತಿಸಿಕೊಂಡು
ಸದಾಶಿವಗಡದಲ್ಲಿ ಇಳಿಸಿ ಬರುತ್ತಿದ್ದ ದೋಣಿಯಂತೆ
ಅಂತ ಬರೆದು, ಅಳಿಸಿದೆ:
ದೋಣಿಗೆ ಉತ್ತರ ಹೊತ್ತು ತರುವ ಕೆಲಸವಿರಲಿಲ್ಲ.

ಕಾಳಿಯ ಅಳಿವೆಯಲ್ಲಿ ಬೆಳಚು ಎಣಿಸುವುದು ನನ್ನ ನೌಕರಿ.
ಇಳಿತದಲ್ಲಿ ಹೊಯ್ಗೆ ದಿಬ್ಬ ಬೆನ್ನು ತೋರಿಸಿದಾಗ
ಕಬ್ಬಿಣದ ಚೌಕ ಊರಿ, ಒಳಗಿನದನ್ನೆಲ್ಲ ಕೆದಕಿ
ಹೊನ್ನಕ್ಕ ಅಂಬಿಗ ಕೂಗುತ್ತಾಳೆ, ನಾನು ಬರೆಯುತ್ತೇನೆ.
ನಲವತ್ತೊಂದು. ಮೂವತ್ತೆಂಟು. ಇದು ಸತ್ತದ್ದು, ಬಿಡು.
ಅವಳ ಬುಟ್ಟಿ ಸೊಂಟದಲ್ಲಿ, ನನ್ನ ಪೆನ್ಸಿಲ್ ದಾರದಲ್ಲಿ.

ಮೊದಲ ಸಾಲು ಕಳಿಸಿದೆ:
ಹನ್ನೆರಡು ಚೌಕ, ಹನ್ನೆರಡು ಎಣಿಕೆ.
ತಗೊಂಡಿತು.
ಎರಡನೆಯದು: ಸರಾಸರಿ.
ಇಪ್ಪತ್ತೊಂಬತ್ತೂವರೆ, ಅಂದಿತು,
ಮೀನು ಪೇಟೆಯಲ್ಲಿ ಕೊನೆಯ ದರ ಹೇಳುವವರ ಧಾಟಿ,
ಮುಖ ನೋಡದೆ.

ಕಮ್ಮಿಯಾಯಿತಲ್ಲ. ಮೇಲೆ ಹೋಗಿ ಹುಡುಕಿದೆ.
ಏಳನೇ ಚೌಕದಲ್ಲಿ ಸೊನ್ನೆ.
ಆ ದಿನ ಹೊನ್ನಕ್ಕ ಬಂದಿರಲಿಲ್ಲ, ನೀರು ಬೇಗ ಏರಿತು,
ಮೊಣಕಾಲುದ್ದದಲ್ಲೇ ತಿರುಗಿ ಬಂದು
ಸಂಜೆ ಖಾಲಿ ಜಾಗ ಕಣ್ಣಿಗೆ ಚುಚ್ಚಿತೆಂದು ಬರೆದದ್ದು.
ಬೆಳಚಿಲ್ಲ ಅನ್ನುವುದಕ್ಕೂ
ಯಾರೂ ನೋಡಲಿಲ್ಲ ಅನ್ನುವುದಕ್ಕೂ
ಒಂದೇ ದುಂಡನೆಯ ಗೆರೆ.

ಸೊನ್ನೆ ಅಳಿಸಿ, ಗೊತ್ತಿಲ್ಲ ಎಂದು ತಿದ್ದಿದೆ.
ಮತ್ತೆ ಸರಾಸರಿ ಕೇಳಿದರೆ ಅದೇ ಇಪ್ಪತ್ತೊಂಬತ್ತೂವರೆ.
ಈ ಕಡೆ ಅಳಿಸಿದ್ದು ಆ ಕಡೆಗೆ ತಿಳಿಯುವುದಿಲ್ಲ.
ಒಮ್ಮೆ ಕೊಟ್ಟಿದ್ದನ್ನು ಅದು ಹಿಡಿದುಕೊಂಡೇ ಇರುತ್ತದೆ,
ನಾನಿಲ್ಲಿ ಎಷ್ಟು ಚೆಂದ ತಿದ್ದಿ ಕೂತರೂ,
ಮತ್ತೆ ಕಳಿಸುವ ತನಕ.

ಕಳಿಸಿದೆ.
ಈಗ ಸರಾಸರಿ?
ಗೊತ್ತಿಲ್ಲ, ಅಂದಿತು.
ಅಯ್ಯೋ, ಹನ್ನೊಂದು ಚೌಕ ಎಣಿಸಿದ್ದೇವೆ,
ಬೆನ್ನು ಸುಟ್ಟಿದೆ, ಚಿಪ್ಪು ತಾಗಿ ಬೆರಳು ಕೊಯ್ದಿದೆ!
ಒಂದು ಗೊತ್ತಿಲ್ಲವೆಂದರೆ ಯಾವುದೂ ಗೊತ್ತಿಲ್ಲ ಅದಕ್ಕೆ.
ಗೊತ್ತಿಲ್ಲದ್ದನ್ನು ಬಿಟ್ಟು ಲೆಕ್ಕ ಹಾಕು ಅನ್ನಲೂ ಮಾತಿದೆ.
ಬರೆದೆ. ಕೊನೆಯ ಕಂಸ ಮುಚ್ಚಲು ಮರೆತೆ.

ಉತ್ತರವೂ ಇಲ್ಲ, ತಪ್ಪೆಂಬ ಬೈಗುಳವೂ ಇಲ್ಲ.
ಬಾಣ ಇದ್ದಲ್ಲಿ ಈಗ ಕೂಡಿಸುವ ಗುರುತು,
ಪುಟ್ಟದೊಂದು +
ಮಾತು ಮುಗಿದಿಲ್ಲ ನಿನ್ನದು, ಮುಂದೆ?

ಹೊನ್ನಕ್ಕನೂ ಹೀಗೇ ನಿಂತಿದ್ದಳು ಹೋದ ತಿಂಗಳು,
ಬುಟ್ಟಿಯಿಂದ ನೀರು ಸೋರುತ್ತ.
“ಕಮ್ಮಿ ಅಂತ ಬಂದ್ರೆ
ನಾವು ದಿಬ್ಬಕ್ಕೆ ಇಳೀಬಾರ್ದು ಅಂತೀರಾ?”
ಹಾಗಲ್ಲ ಹೊನ್ನಕ್ಕ, ವರದಿ ಮೇಲೆ ಹೋಗ್ತದೆ, ಆಮೇಲೆ
ಅಂತ ತೆರೆದವಳು ಮುಚ್ಚಲೇ ಇಲ್ಲ.
ಅಷ್ಟರಲ್ಲಿ ಫೋನ್ ಬಂತು.
ಇಲ್ಲ, ಬಂದ ಹಾಗೆ ಮಾಡಿದೆ.

ಎಸ್ಕೇಪ್ ಒತ್ತಿದರೆ ಸಾಕು, ಬಾಣ ವಾಪಸು ಬರುತ್ತದೆ,
ಏನೂ ಕೇಳಿಯೇ ಇರಲಿಲ್ಲ ಎಂಬಂತೆ.
ಒತ್ತಲಿಲ್ಲ.
ಇವತ್ತಿನ ಇಳಿತ ನಾಲ್ಕೂ ಹತ್ತಕ್ಕೆ.
ಚೌಕ ಹೆಗಲಿಗೇರಿಸಿ, ಚಪ್ಪಲಿ ಕೈಲಿ ಹಿಡಿದು
ಏಳನೆಯ ಜಾಗಕ್ಕೆ ಹೊರಟೆ, ಅವಳಿರುವ ಕಡೆಗೆ.
ಹೇಳಬೇಕಾದ ಉಳಿದರ್ಧ ಇನ್ನೂ ಬಾಯಿಗೆ ಬಂದಿರಲಿಲ್ಲ.
ದಿಬ್ಬವೂ ಪೂರ್ತಿ ಎದ್ದಿರಲಿಲ್ಲ.