ಓರೆ

ಇದರಲ್ಲಿ ತಿರುಗುವುದು ಎರಡು.
ತಲೆಯ ಮೇಲಿನದು ನನ್ನದಲ್ಲ, ಗಾಳಿಯದು.
ಎಂಜಿನ್ನಿನ ಹಂಗಿಲ್ಲದೆ ತನ್ನಷ್ಟಕ್ಕೆ ಸುತ್ತುತ್ತದೆ,
ನಾನು ಅದರ ಕೆಳಗೆ ತೂಗುಬಿದ್ದ ಬುತ್ತಿಗಂಟು.
ಬೆನ್ನ ಹಿಂದಿನದು ನನ್ನದು, ಮೂರು ಅಲಗು;
ಹಾರುವಾಗ ಒಮ್ಮೆಯೂ ಅದರ ಮುಖ ಕಂಡಿಲ್ಲ.

ಎಡ ಹೆಬ್ಬೆರಳಿಗೆ ಒಂದು ಗುಂಡಿ.
ಮೇಲೆ ಒತ್ತಿದರೆ ಅಲಗು ಚಪ್ಪಟೆ ಮಲಗುತ್ತದೆ,
ಕೆಳಗೆ ಒತ್ತಿದರೆ ಓರೆಯಾಗಿ ಏಳುತ್ತದೆ.
ಈ ತುದಿಯಿಂದ ಆ ತುದಿಗೆ ಒಂಬತ್ತು ಸೆಕೆಂಡು.
ಒಂಬತ್ತು ಸೆಕೆಂಡು ಏನು ಮಹಾ, ಅಂದುಕೊಂಡಿದ್ದೆ.

ಕಿನ್ನಾಳದಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ
ಅವನು ವಿಮಾನದ ಬಗ್ಗೆ ಏನೂ ಕೇಳಲಿಲ್ಲ.
ಉಜ್ಜುಗೊರಡು ಮಗುಚಿ, ಕಣ್ಣಿನ ಮಟ್ಟಕ್ಕೆ ಹಿಡಿದು
ಅಲಗು ಎಷ್ಟು ಹೊರಗಿದೆ ನೋಡಿದ.
"ಸಣ್ಣ ಇಟ್ರ ಕೈ ಬಾಳ ಓಡತೈತಿ,
ಸಿಪ್ಪಿ ಉಳ್ಳಾಗಡ್ಡಿ ಪೊರಿ ಬಂದಂಗ ಬರತೈತಿ.
ದಪ್ಪ ಇಟ್ರ ಒಂದ ದಬ್ಬಿಗೆ ಮಾರುದ್ದ ಸುರುಳಿ,
ಆದ್ರ ರಟ್ಟಿ ಕೇಳತೈತಿ.
ಗಂಟು ಬಂದಲ್ಲಿ ದಪ್ಪ ಇಟ್ಟೀ ಅಂದ್ರ
ಕೈ ಅಲ್ಲೇ ನಿಂತ ಹೋಗತೈತವ್ವಾ."
ಅಷ್ಟು ಹೇಳಿ ಪೊಳಕಿ ಮರದ ಹೊಟ್ಟು ಊದಿದ.
ವರ್ಷ ಓದಿದ್ದು ಅಲ್ಲೇ ಮುಗಿದಿತ್ತು.

ನನ್ನ ಕೆಲಸ ಎಡದಂಡೆ ಕಾಲುವೆಯ ಮೇಲೆ.
ಏರಿ ಎಲ್ಲಿ ಒಸರುತ್ತದೆ, ಎಲ್ಲಿ ಕುಸಿಯಲಿದೆ,
ಕೆಳಗಿನವರಿಗಿಂತ ಮೊದಲು ನೋಡಬೇಕು.
ಏರುವಾಗ ಸಣ್ಣ: ಐದು ಸಾವಿರದ ಆರುನೂರು ಸುತ್ತು,
ಗಿಣಗೇರಿಯ ಚಿಮಣಿಗಳು ಮೊಣಕಾಲಿಗೆ ಇಳಿಯುತ್ತವೆ.
ಆಮೇಲೆ ಹೆಬ್ಬೆರಳು ಕೆಳಗೆ, ದಪ್ಪ, ಇನ್ನೂ ದಪ್ಪ.
ಬೆನ್ನಿನ ಚೀರಾಟ ನುಚ್ಚಿನ ಗಿರಣಿಯ ದನಿಗೆ ತಗ್ಗಿ
ಅಷ್ಟೇ ವೇಗ, ಅರೆಪಾಲು ಗದ್ದಲ.
ಗಂಗಾವತಿಯವರೆಗೆ ಭತ್ತ ಒಂದೇ ಸಮ ಹಸಿರು.
ಈ ಸುಖವೇ ಮೋಸ.

ಆ ದಿನ ತಿರುಗಿ ಬರುವಾಗ
ತೊಡೆಯ ಮೇಲಿನ ಹಾಳೆಯಲ್ಲಿ ಒಸರಿದ ಜಾಗದ ಕಲ್ಲಿನ ನಂಬರು ಬರೆಯುತ್ತಿದ್ದೆ,
ಅರವತ್ತೆರಡೋ ಅರವತ್ತಾರೋ.
ಇಳಿಯುವ ಮುನ್ನ ಸಣ್ಣ ಮಾಡಬೇಕು.
ಮಾಡಿರಲಿಲ್ಲ.

ಐವತ್ತು ಅಡಿ. ಪಟ್ಟಿಯ ಅಡ್ಡಕ್ಕೆ ಬಂತು ಟ್ಯಾಂಕರು,
ಧೂಳಿಗೆ ನೀರು ಹೊಡೆಯುತ್ತ, ಬೀಗರ ಮನೆಗೆ ಹೊರಟ ಹಾಗೆ.
ಥ್ರಾಟಲ್ ದಬ್ಬಿದೆ.
ದನಿ ಏರಲಿಲ್ಲ.
ರಾಡಿಯಲ್ಲಿ ಕಾಲು ಹೂತ ಕೋಣದ ಮುಲುಕು ಒಂದು,
ಬೆನ್ನೆಲುಬಿನ ಒಳಗೇ.
ಮೂಗು ಎತ್ತು ಎನ್ನುತ್ತದೆ ಹೊಟ್ಟೆ.
ಎತ್ತಿದರೆ ಇರುವ ವೇಗವೂ ಹೋಯಿತು.
ಎತ್ತಲಿಲ್ಲ. ಥ್ರಾಟಲ್ ತುಸು ಹಿಂದೆಳೆದು
ಬಲಕ್ಕೆ, ಜಾಲಿ ಕಂಟಿಗಳ ನೆತ್ತಿ ಸವರಿಕೊಂಡು,
ಹೆಬ್ಬೆರಳು ಬೆಳ್ಳಗಾಗುವಂತೆ ಗುಂಡಿಗೆ ಒತ್ತಿ
ಒಂದು.
ಎರಡು.
ನಾಲ್ಕು. ಮೂರು ಎಲ್ಲಿ ಹೋಯಿತೋ.
ಐದಕ್ಕೆ ಒಂದು ಜಾಲಿ ಟೊಂಗೆ ಚಕ್ರಕ್ಕೆ ತಾಗಿತು.
ಏಳಕ್ಕೆ, ಮೆಲ್ಲಗೆ,
ಉಳ್ಳಾಗಡ್ಡಿ ಪೊರೆ ಬಿಡಿಸಿದಂತೆ ದನಿ ತೆಳ್ಳಗಾಗತೊಡಗಿತು.
ಎಂಟು ಎಣಿಸಲಿಲ್ಲ, ಏರುತ್ತಿದ್ದೆ.

ಸುತ್ತು ಹಾಕಿ ಇಳಿದಾಗ ಟ್ಯಾಂಕರಿನ ಖಾಜಾಸಾಬ
ಎರಡು ಕಪ್ಪು ಚಾ ಹಿಡಿದು ನಿಂತಿದ್ದ, ಕೈ ನಡುಗಿ ಅರ್ಧ ಚೆಲ್ಲಿತ್ತು.
"ತಪ್ಪಾತ್ರೀ ಮೇಡಂ, ನೋಡಲಿಲ್ಲ.
ಆದ್ರ ಒಂದು ಕೇಳ್ಲಾ? ಏರಿನ್ಯಾಗ ಟಾಪ್ ಗೇರ್ ಹಾಕಿದಂಗ ಸೌಂಡ್ ಬಂತಲ್ರೀ?"
ತಪ್ಪು ಇಬ್ಬರದೂ ಅಂದೆ.
ನನ್ನದನ್ನು ಇವನು ಕಿವಿಯಿಂದಲೇ ಹಿಡಿದಿದ್ದ,
ಅವನದನ್ನು ನಾನು ಬರೆದು ಕೊಡಬೇಕಿತ್ತು.
ಎರಡನ್ನೂ ಬರೆದೆ, ನನ್ನದನ್ನು ಮೊದಲು.

ಮುಂದಿನ ಭಾನುವಾರ ಅಪ್ಪ ಬಂದ,
ಕಿಸೆಯಲ್ಲಿ ಅಳಿಲುಬಾಲದ ಕುಂಚ, ಚಿಪ್ಪಿನಲ್ಲಿ ಹಳದಿ ಬಣ್ಣ.
ಬಾಗಿ, ಉಸಿರು ಕಟ್ಟಿ,
ಗೊಂಬೆಯ ಕಣ್ಣು ತೆರೆಸುವ ನಿಧಾನದಲ್ಲಿ
ಗುಂಡಿಯ ಮೇಲೆ ಬರೆದ: ಸಣ್ಣ.
ಕೆಳಗೆ ಏನೂ ಬರೆಯಲಿಲ್ಲ.
ಯಾಕಪ್ಪಾ ಅಂದೆ.
"ದಪ್ಪ ಮರಿಯೂದಿಲ್ಲ ಬಿಡು,
ಅದು ತಾನ ಕರಿತೈತಿ."