ಮೊಟ್ಟೆ ಬೇಯುವಲ್ಲಿಂದ ಹನ್ನೆರಡು ಹೆಜ್ಜೆ

ಕುದಿ ಚಿಮ್ಮುವ ಬಾಯಲ್ಲಿ ಏನೂ ಇಲ್ಲ.
ಕಲ್ಲು ಬೋಳು, ಗಂಧಕದ ನಾತ.
ನಕುರುವಿನ ಶಾಲೆಬಸ್ಸಿನಿಂದಿಳಿದ ಮಕ್ಕಳು
ಈರುಳ್ಳಿ ಚೀಲದ ಬಲೆಯಲ್ಲಿ ಮೊಟ್ಟೆ ಇಳಿಬಿಟ್ಟು
ಮೇಷ್ಟರ ಗಡಿಯಾರಕ್ಕೆ ಕಾಯುತ್ತಾರೆ.

ಅಲ್ಲಿಂದ ನೀರು ಇಳಿಜಾರಿಗೆ ಬೀಳುತ್ತದೆ,
ಹೆಜ್ಜೆಗಿಷ್ಟು ಸಿಟ್ಟು ಬಿಡುತ್ತ.
ಹನ್ನೆರಡನೆಯ ಹೆಜ್ಜೆಯಲ್ಲಿ ಬೆರಳದ್ದಿ
ಒಂದರಿಂದ ಐದು ಎಣಿಸುವಷ್ಟು ತಾಳಬಹುದು.
ಹಸಿರು ಶುರುವಾಗುವುದು ಅಲ್ಲಿ.

ಮೇಲೆ ಕಡುಹಸಿರು ಚರ್ಮ,
ಚಾಕುವಿನಿಂದ ಎತ್ತಿದರೆ ಕೆಳಗೆ ಕಿತ್ತಳೆ,
ಅದರ ಕೆಳಗೆ ಕಪ್ಪು, ಕೊಳೆತ ಉಸಿರು.
ಡಾಕ್ಟರ್ ನಾಲಿಯಾನ್ಯ ಕೈಗವಸು ತೊಟ್ಟು
ಕೂಸನ್ನು ತೊಟ್ಟಿಲಿಗಿಳಿಸುವ ಜೋಪಾನದಲ್ಲಿ
ಒಂದು ತುಂಡನ್ನು ಸೀಸೆಗೆ ಇಳಿಸುತ್ತಾರೆ:
ದಿನಾಂಕ, ಶಾಖ, ಊಟೆಯ ಸಂಖ್ಯೆ.
"ಇದಕ್ಕೆ ಬೇರಿಲ್ಲ, ಎಲೆಯಿಲ್ಲ, ತಲೆಯಿಲ್ಲ ತಲಾಮ್,
ಕಣ್ಣಿಗೆ ಕಾಣದ ಎಳೆಗಳ ಹೆಣಿಗೆ.
ನೀನೀಗ ಎಳೆದುಕೊಂಡೆಯಲ್ಲ ಉಸಿರು,
ಭೂಮಿಗೆ ಮೊದಲು ಅದನ್ನು ಉಣಿಸಿದ್ದು ಇದರ ವಂಶ."

ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದೆ,
ಸಾಲಗಾರನ ಹಾಗೆ.

ನನ್ನ ಕೆಲಸ ಎಣಿಕೆ.
ಬೊಗೋರಿಯಾ ಸರೋವರದ ದಂಡೆ, ಬೆಳಗಿನ ಆರಕ್ಕೆ,
ಗೋಣಿ, ಸುಣ್ಣ, ಪೆನ್ಸಿಲ್ಲು.
ಸತ್ತ ಫ್ಲೆಮಿಂಗೊಗಳ ಭಂಗಿ ಹೆಚ್ಚಾಗಿ ಒಂದೇ:
ಕೊರಳು ಹಿಂದಕ್ಕೆ ಸೆಟೆದು ಬೆನ್ನಿಗಂಟಿ,
ಬೆನ್ನ ಮೇಲೆ ಯಾರೋ ಕೂತರೆಂದು
ತಿರುಗಿ ನೋಡಿದ ಹಾಗೆ.

ಸರೋವರ ಇಡೀ ಸೋಡಾ, ಗಂಟಲು ಸುಡುವ ಕ್ಷಾರ.
ದಿನವಿಡೀ ತಲೆ ಕೆಳಗೆ ಮಾಡಿ
ಅದರೊಳಗಿನ ಪಾಚಿ ಸೋಸಿ ತಿನ್ನುತ್ತವೆ,
ಗರಿಯ ಗುಲಾಬಿಯೆಲ್ಲ ಆ ಪಾಚಿ ಕೊಟ್ಟದ್ದು;
ಅದೂ ಈ ವಂಶವೇ, ದೂರದ ದಾಯಾದಿ.
ಸಂಜೆ ಬಾಯಾರಿ, ರೆಕ್ಕೆಯ ಉಪ್ಪು ತೊಳೆಯಲು
ಊಟೆಯ ಸಿಹಿನೀರಿಗೆ ಬರುತ್ತವೆ.
ಕುದಿಯ ಹತ್ತಿರ ಹೋಗಲಾರವು.
ಹನ್ನೆರಡನೆಯ ಹೆಜ್ಜೆಗೆ ನಿಲ್ಲುತ್ತವೆ.
ಕಾಲಿಗೆ ಸಿಕ್ಕಿ ಹರಿದ ಹಸಿರು ಚೂರು
ಗುಟುಕಿನ ಜೊತೆ ಒಳಗೆ.

ಉಂಡ ಮನೆಯ ಜಂತೆ ಎಣಿಸಬಾರದಂತೆ.
ಅವು ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.

ಅಜ್ಜಿ ತಾಪ್ರಂದಿಚಳನ್ನು ಒಮ್ಮೆ ಕೇಳಿದೆ.
ಪ್ರಾಣಿಗಳಿಗೆ ಜಾಗ ಬೇಕೆಂದು ಸರ್ಕಾರ
ಈ ದಂಡೆಯಿಂದ ನಮ್ಮವರನ್ನು ಎಬ್ಬಿಸಿದಾಗ
ಅವಳ ಬೆನ್ನಲ್ಲಿ ನನ್ನಪ್ಪ, ಮುಂದೆ ನಲವತ್ತು ಮೇಕೆ.
"ವಿಷ ಇದೆಯೆಂದು ನಿಮಗೆ ಗೊತ್ತಿತ್ತೇ?"
ಹಿರಿಯರ ಜ್ಞಾನ ಬರೆದುಕೊಳ್ಳಲು
ಪೆನ್ಸಿಲ್ಲು ಚೂಪು ಮಾಡಿಕೊಂಡಿದ್ದೆ.
"ಇಲ್ಲಪ್ಪ. ಮೇಕೆ ಸತ್ತರೆ ಮೇಕೆ ಸತ್ತಿತು ಅಂತಿದ್ದೆವು."
ಆಮೇಲೆ, ಮುಸುಕಿನ ಜೋಳ ಬಿಡಿಸುತ್ತ,
"ತಾನು ವಿಷ ಅಂತ ಅದಕ್ಕಾದರೂ ಗೊತ್ತೋ?"

ಡಾಕ್ಟರಿಗೆ ದಾಟಿಸಿದೆ.
ಯಾಕೆ ಮಾಡುತ್ತದೆ ಅನ್ನುವುದಕ್ಕೇ ಹತ್ತು ಊಹೆ, ಎಂದರು
ಮುಚ್ಚಳ ತಿರುವುತ್ತ.
ಹಕ್ಕಿ ಅನ್ನುವುದೇ ಇಲ್ಲದ ಕಾಲದಲ್ಲಿ ಕಲಿತ ಕಸುಬು ಇರಬೇಕು.
ಹಗೆಯಂತೂ ಅಲ್ಲ.

ಇವತ್ತು ನೂರ ಹದಿನಾರು.
ನೂರ ಹದಿನೇಳನೆಯದು ಕಾಲು ಎಳೆಯುತ್ತಿತ್ತು.
ಕಣ್ಣು ಮಿಟುಕಿಸಿತು.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಒಂದು ಚುಕ್ಕೆಯಿಟ್ಟು
ಟೋಪಿಯ ನೆರಳು ಹಿಡಿದು ಕೂತೆ,
ಗೋಣಿ ಮಡಚಿಯೇ ಇತ್ತು.

ಮೇಲಿನಿಂದ ಹುಡುಗನೊಬ್ಬ ಓಡಿ ಬಂದ,
ಈ ಅಂಗೈಯಿಂದ ಆ ಅಂಗೈಗೆ ಬಿಸಿ ಮೊಟ್ಟೆ:
"ತಗೊಳ್ಳಿ, ಲೆಕ್ಕಕ್ಕಿಂತ ಒಂದು ಹೆಚ್ಚಾಯಿತು."
ಕ್ಯಾನಿನ ನೀರಲ್ಲಿ, ಸಾಬೂನು ಹಾಕಿ,
ಎರಡು ಸಲ ಕೈ ತೊಳೆದೆ.
ಸುಲಿದೆ. ಒಳಗೆ ಹಳದಿ ಇನ್ನೂ ಗಟ್ಟಿಯಾಗಿರಲಿಲ್ಲ.