ಬಲಕ್ಕೆ ವಾಲಬೇಕು

ಅಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲ.
ಸೈಕಲ್ಲೂ ಅಷ್ಟಕ್ಕಷ್ಟೇ.
ಮೂವತ್ತೊಂದು ವರ್ಷ ಹುಸೇನಸಾಬ ತಾಂಬೋಳಿಯ ಹಿಂದೆ ಕೂತು
ರಬಕವಿ, ತೇರದಾಳ, ಮಹಾಲಿಂಗಪುರ ತಿರುಗಿದವನು,
ತೊಡೆಯ ಮೇಲೆ ಅಡ್ಡ ಗರಗಸ,
ಎದುರಾದ ಎಮ್ಮೆಗಳಿಗೆಲ್ಲ
ಸರೀರಿ, ಸರೀರಿ ಎನ್ನುತ್ತ.

ಹುಸೇನಸಾಬರ ಕಣ್ಣು ಮೊದಲು ಸಂಜೆಗಷ್ಟೇ ಕೈಕೊಡುತ್ತಿತ್ತು.
ಆಮೇಲೆ ಮಧ್ಯಾಹ್ನಕ್ಕೂ.
ಸಕ್ಕರೆ ರೋಗ, ಎಂದರು ಮಿರಜದ ಡಾಕ್ಟರು.
ಗ್ಯಾರೇಜಿಗೆ ಬೀಗ.
ಪಾನಾಗಳನ್ನು ಮೊಮ್ಮಗ ಕಿಲೋ ಲೆಕ್ಕದಲ್ಲಿ ಮಾರಿದ.
ಸ್ಕೂಟರನ್ನೂ.

ಅಪ್ಪ ಏನೂ ಹೇಳಲಿಲ್ಲ. ಅಂಗಡಿಯ ಹಿಂದೆ
ಬೇವಿನ ಹಲಗೆಗಳಿಗೆ ನೀರು ಕುಡಿಸಿ ಬಗ್ಗಿಸತೊಡಗಿದ.
ಗಾಲಿಗೆ ಜಾಲಿ.
ಬ್ರೇಕಿಗೆ, ಕ್ಲಚ್ಚಿಗೆ
ಎದುರುಮನೆಯವರು ಬಿಸಾಕಿದ ಮಗ್ಗದ ಲಾಳಿ,
ಸಾವಿರ ಸೀರೆಗಳ ನಡುವೆ ಓಡಿ ನುಣುಪಾದದ್ದು,
ನಟ್ಟನಡುವೆ ಸೀಳಿ ಎರಡು ಹೋಳು.
ಒಂದೂ ಮೊಳೆಯಿಲ್ಲ; ತೂತಿಗೆ ತಕ್ಕ ಬೆಣೆ.
ಉಜ್ಜುವ ಕೆಲಸ ನನ್ನದು.
ಪಾಲಿಶ್ ಕಾಗದ ಸವೆಯಿತು, ಬೆರಳ ತುದಿ ಸವೆಯಿತು.
"ಇನ್ನಾ ಉಜ್ಜು," ಎನ್ನುತ್ತಿದ್ದ,
"ಅಂವ ಬಣ್ಣ ನೋಡಾಂವಲ್ಲ."

ಶುಕ್ರವಾರ, ಅವರು ನಮಾಜು ಮುಗಿಸಿ ಬರುವ ಹೊತ್ತಿಗೆ
ತಳ್ಳುಗಾಡಿಯಲ್ಲಿ ಒಯ್ದೆವು.
ಹುಸೇನಸಾಬರು ಮೊದಲು ಮೂಸಿದರು. "ಬೇವು."
ಆಮೇಲೆ ಕೈ.
ಮಡ್‌ಗಾರ್ಡಿನ ಅಂಚು, ಹಾರ್ನಿನ ಹಲ್ಲು,
ಹೆಡ್‌ಲೈಟಿನ ಗುಂಡು ಕೆನ್ನೆ,
ಎಡಗೈಯಲ್ಲಿ ಗೇರು: ಒಂದು, ನ್ಯೂಟ್ರಲ್ಲು, ಎರಡು
(ಕಟಕ್ ಎನ್ನಲೆಂದೇ ಅಪ್ಪ ಒಳಗೆ ಹಲ್ಲು ಕೆತ್ತಿದ್ದ).
ಸ್ಟ್ಯಾಂಡಿನಿಂದ ಇಳಿಸಿ, ಹ್ಯಾಂಡಲ್ ಹಿಡಿದು
ಆ ಕಡೆ ಈ ಕಡೆ ಅಲುಗಿಸಿದರು,
ಬಕ್ರೀದಿಗೆ ಆಡು ಕೊಳ್ಳುವವರ ಹಾಗೆ.

"ತಪ್ಪೈತಿ, ಕಾಳ್ಯಾ.
ಎರಡೂ ಕಡೆ ತೂಕ ಒಂದ ಆಗೈತಿ.
ಇಂಜಿನ್ ಇರೂದು ಬಲಕ್ಕ. ಸ್ಕೂಟರ್ ಅಂದ್ರ ಬಲಕ್ಕ ವಾಲಬೇಕು.
ಇಷ್ಟ ವರ್ಸ ಹಿಂದ ಕುಂತಿ, ತಿಳೀಲಿಲ್ಲೇನು?"

"ನೀ ವಾಲಾಕ ಬಿಟ್ಟಿದ್ರ ತಿಳೀತಿತ್ತು," ಎಂದ ಅಪ್ಪ.

ಸ್ವಲ್ಪ ಹೊತ್ತು ಓಣಿಯ ಮಗ್ಗಗಳಷ್ಟೇ ಮಾತಾಡಿದವು.

ಹುಸೇನಸಾಬರು ಮಂಚದ ಕೆಳಗೆ ಕೈಯಾಡಿಸಿ
ಚಿಂದಿಯಲ್ಲಿ ಸುತ್ತಿದ ಗಂಟು ಎಳೆದರು.
ಮೊಮ್ಮಗನ ತಕ್ಕಡಿಗೆ ಸಿಗದ ಸಿಲಿಂಡರ್ ಬ್ಲಾಕು,
ಒಳಗೆ ಪಿಸ್ಟನ್ನು, ಎಣ್ಣೆ ಇನ್ನೂ ಆರಿರಲಿಲ್ಲ.
"ಇದನ್ನ ಹಾಕು."
ಅಪ್ಪ ಅಲ್ಲೇ ಅಂಗಳದಲ್ಲಿ ಕೂತು ಬಲಹೊಟ್ಟೆ ಬಿಚ್ಚಿದ,
ಕಬ್ಬಿಣ ಕೂರುವಷ್ಟು ಮರ ಕೆತ್ತಿದ.
ಮಗ್ರಿಬಿನ ಬಾಂಗಿನವರೆಗೆ ಹಿಡಿಯಿತು.

"ನಂಬರ್ ಬರದೀಯೇನವ್ವಾ ಸರೋಜಾ?"
"ಹೂಂರಿ ಕಾಕಾ," ಎಂದು ಸುಳ್ಳಾಡಿ
ಹಿಂದೆ ಕುಕ್ಕರಗಾಲಲ್ಲಿ ಕೂತು ಕುಂಚ ತೆಗೆದೆ.
ಕೊನೆಯ ಏಳು ತೀಡುವಷ್ಟರಲ್ಲಿ ಅವರ ಬೆರಳು ಬಂತು.
ಹಸಿ.
ಮೂಸಿ ನಕ್ಕರು: "ಪಾಸಿಂಗ್ ಇವತ್ತ ಆಗೈತಿ ಬಿಡು."

ಹತ್ತಿದರು. ಹಿಂದೆ ಅಪ್ಪ.
ಗರಗಸವಿಲ್ಲದ ತೊಡೆಯ ಮೇಲೆ ಅವನ ಕೈಗಳು
ಬೀಗರ ಮನೆಗೆ ಬಂದವರಂತೆ ಕೂತಿದ್ದವು.
ಹುಸೇನಸಾಬರು ಗಾಡಿ ಓರೆಮಾಡಿ ಕಿಕ್ಕು ಒದ್ದರು.
ಇನ್ನೊಮ್ಮೆ. ಮೂರನೆಯ ಸಲ
ತಲೆ ಬಗ್ಗಿಸಿ ಕಿವಿಗೊಟ್ಟರು. "ಮಿಸ್ಸಿಂಗ್ ಐತಿ.
ಪ್ಲಗ್ಗಿಗಿ ಮಸಿ ಹಿಡದೈತಿ."
ಆದರೂ ಗೇರು ಹಾಕಿದರು.

ಓಣಿಯ ತುದಿಯಲ್ಲಿ ತಾಂಬೋಳಿಯವರ ಎಮ್ಮೆ
ಮನೆಗೆ ಬರುತ್ತಿತ್ತು, ಅದರ ಪಾಡಿಗೆ.

"ಸರೀರಿ," ಎಂದ ಅಪ್ಪ.